ಪವನನ ನಾಮಿನಿ

“ನಾ ಇವನ ತಾಯಿ ಅಲ್ಲರಿ,” ಎಂದಳು ಸಾವಿತ್ರಿ, ಮಗಳು ಲಹರಿಯನ್ನು ನೋಡಲು ಬಂದ ಗಂಡಿನ ಕಡೆಯವರೆಲ್ಲ ಕೇಳುವಂತೆ. “ಬೇವರ್ಸಿ ಅಂತ ತಂದು ಕೂಳು ಹಾಕಿದೆ. ಈಗ ಹೆಣದ ರೊಕ್ಕ ತೋರ್ಸಾಕತ್ತಾನ ನನಗ.”

ಮೊದಲ ಮಾತು ಫೋನಿಗೆ, ಉಳಿದದ್ದು ಬಾಗಿಲಲ್ಲಿ ಬಾಳೆಹಣ್ಣಿನ ಚೀಲ ಹಿಡಿದು ನಿಂತಿದ್ದ ಪವನನತ್ತ ನೋಡಿ. ಕೈಗೆಲ್ಲ ಹೂರಣ ಮೆತ್ತಿದ್ದರಿಂದ ಅವಳು ಸ್ಪೀಕರ್ ಹಾಕಿಸಿದ್ದಳು. ಪವನನ ತಾಯಿ ನೀವೇನಾ, ಅವನಿಗೇನಾದರೂ ಆದರೆ ಹಣ ನಿಮಗೆ ಬರಬೇಕೆಂದು ಬರೆದಿದ್ದಾನೆ, ಸರಿಯೇ ಎಂದು ವಿಮಾ ಕಂಪನಿಯ ಹುಡುಗಿ ಹಿಂದಿಯಲ್ಲಿ ಕೇಳಿದ್ದಳು. ಹೈದರಾಬಾದಿನ ಸುಲ್ತಾನ್ ಬಜಾರಿನ ಹಿಂದಿನ ಆ ಎರಡು ಕೋಣೆಯ ಮನೆಯಲ್ಲಿ ಹಿಂದಿ ಬಾರದವರು ಯಾರೂ ಇರಲಿಲ್ಲ.

ವರನ ಸೋದರತ್ತೆ ಜಯಮ್ಮ ಚಹದ ಕಪ್ಪು ಕೆಳಗಿಟ್ಟಳು. ತಮ್ಮ ಓಣಿಯಲ್ಲೂ ಒಬ್ಬ ಹೀಗೇ ವಿಮೆಗೆ ಸಹಿ ಮಾಡಿ ವರ್ಷ ತುಂಬುವುದರೊಳಗೆ ಲಾರಿ ಕೆಳಗೆ ಹೋದ, ಆಮೇಲೆ ಹೆಂಡತಿ ಒಂದು ಹೊಸ ಸೀರೆ ಉಟ್ಟರೂ ಜನ ಬೆರಳು ಮಾಡುತ್ತಿದ್ದರು ಎಂದಳು. ಸಾವಿತ್ರಿಯ ಮುಖ ಬಿಳಿಚಿಕೊಂಡಿತು. ಅವಳ ಗಂಡ ಸೋಮಣ್ಣ ಫ್ಯಾನು ನೋಡುತ್ತ ಕೂತ. ಕಾರ್ಖಾನೆಯಲ್ಲಿ ಅವನ ಸಂಬಳದಿಂದಲೂ ಪ್ರತಿ ತಿಂಗಳು ವಿಮೆಗೆ ಹಣ ಹೋಗುತ್ತಿತ್ತು. ಮನೆಯಲ್ಲಿ ಅದಕ್ಕೆ ‘ಕಟಿಂಗ್’ ಅನ್ನುತ್ತಿದ್ದರು. ಅದು ಯಾವಾಗ, ಯಾರ ಕೈಗೆ ಬರುತ್ತದೆಂದು ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಇದನ್ನೇ ಎಲ್ಲರೆದುರು ಅಂದುಬಿಡಬೇಕೆಂದು ಪವನನ ಮೈ ಉರಿಯಿತು. ಲಹರಿ ತಲೆ ತಗ್ಗಿಸಿ ಕೂತಿದ್ದಳು. ಅವಳನ್ನು ನೋಡಿ ಮಾತು ನುಂಗಿಕೊಂಡ.

“ಹೆಸರು ತೆಗೆಸ್ಕೊಂಡು ಬಾ,” ಎಂದಳು ಸಾವಿತ್ರಿ. “ಅಲ್ಲೀತನಕಾ ಈ ಹೊಸ್ತಿಲಾ ತುಳೀಬ್ಯಾಡ.”

ಪವನನ ಅವ್ವ ತೀರಿಕೊಂಡಾಗ ಅವನಿನ್ನೂ ಸರಿಯಾಗಿ ಮಾತು ಕಲಿತಿರಲಿಲ್ಲ. ಅಪ್ಪ ಬೇರೆ ಮದುವೆಯಾಗಿ ಸೊಲ್ಲಾಪುರದ ಕಡೆ ಹೋದವನು ತಿರುಗಿ ನೋಡಲಿಲ್ಲ. ಅವ್ವನ ತಂಗಿ ಸಾವಿತ್ರಿಯೇ ಎತ್ತಿಕೊಂಡು ಬಂದು ಸಾಕಿದಳು; ಅವ್ವ ಅನ್ನಬೇಡ, ಚಿಗವ್ವ ಅನ್ನು ಎಂದು ಕಲಿಸಿದವಳೂ ಅವಳೇ. ಪವನ ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟು ಈಗ ಬೇಗಂ ಬಜಾರಿನಲ್ಲಿ ಸರಕಿನ ಆಟೊ ಹೊಡೆಯುತ್ತಿದ್ದ. ಚಳಿಗಾಲದಲ್ಲಿ ಜೊತೆಯ ಡ್ರೈವರ್ ತರುಣ ಎಂಬವನು ಅಪಘಾತದಲ್ಲಿ ಸತ್ತಾಗ, ಅವನ ತಾಯಿ ಹೆಣ ಊರಿಗೆ ಒಯ್ಯಲು ಬಜಾರಿನ ಅಂಗಡಿ ಅಂಗಡಿಗೆ ಸೆರಗೊಡ್ಡಿದ್ದನ್ನು ಪವನ ನೋಡಿದ್ದ. ತನ್ನ ಚಿಗವ್ವ ಹಾಗೆ ನಿಲ್ಲಬಾರದು. ಅಷ್ಟೇ ಅವನಿಗೆ ಬೇಕಾಗಿದ್ದದ್ದು. ವಿಮೆಯ ಅರ್ಜಿಯಲ್ಲಿ ಸಂಬಂಧ ಏನು ಎಂದು ಕೇಳಿದ್ದ ಕಡೆ ಕೈ ತಾನಾಗಿ ‘ತಾಯಿ’ ಎಂದು ಬರೆದಿತ್ತು. ಬರೆದಮೇಲೆ ಯಾರಾದರೂ ಕಂಡರೇನೋ ಎಂದು ಕಳ್ಳನಂತೆ ಸುತ್ತ ನೋಡಿದ್ದ.

ಕೊಂಡಾಪುರದ ವಿಮಾ ಕಚೇರಿಯಲ್ಲಿ ಏಜೆಂಟ್ ಸಂಯುಕ್ತಾ, ಮೈಸೂರಿನ ಹುಡುಗಿ, ಎಲ್ಲ ಕೇಳಿಸಿಕೊಂಡಳು. ಅವರ ಹೆಸರು ತೆಗೆಯೋಣ, ಬೇರೆ ಯಾರದ್ದು ಹಾಕಲಿ ಎಂದಳು. ತಂದೆ? ಅಣ್ಣ ತಮ್ಮ? ಹೆಂಡತಿ? ಪ್ರತಿಯೊಂದಕ್ಕೂ ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. ಗಾಜಿನಾಚೆ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗ ಹುಡುಗಿಯರು ಗುಂಪುಗುಂಪಾಗಿ ಊಟಕ್ಕೆ ಹೊರಟಿದ್ದರು. ಅವರಲ್ಲಿ ಯಾವನಿಗಾದರೂ ಈ ಪ್ರಶ್ನೆಗೆ ಇಷ್ಟು ಹೊತ್ತು ಬೇಕಾಗುತ್ತದೆಯೇ ಎಂದುಕೊಂಡ. ಇಡೀ ಹೈದರಾಬಾದಿಗೆ ದಿನಾ ಹಾರ್ನ್ ಹೊಡೆಯುವವನಿಗೆ ಒಂದೇ ಒಂದು ಹೆಸರು ಸಿಗಲಿಲ್ಲ.

“ಹೆಸರು ಅದೇ ಇರ್ಲಿರಿ,” ಎಂದ ಕೊನೆಗೆ. “ತಾಯಿ ಅನ್ನೋದನ್ನ ಹೊಡೆದು ಹಾಕ್ರಿ. ತಾಯಿಯ ತಂಗಿ ಅಂತ ಬರೀರಿ. ಆಕಿಗೆ ಫೋನ್ ಮಾಡಬ್ಯಾಡ್ರಿ, ನನ್ನ ನಂಬರ್ ಹಾಕ್ರಿ.”

“ನೀವೇ ಇಲ್ದಿದ್ದಾಗ ನಿಮ್ ನಂಬರಿಗೆ ಮಾಡಿ ಏನ್ ಮಾತಾಡ್ಲಿ?” ಎಂದು ನಕ್ಕವಳು, ಅವನ ಮುಖ ನೋಡಿ, ಬೇರೆ ಯಾರದ್ದಾದರೂ ನಂಬರ್ ಕೊಡಿ ಎಂದಳು. ಅವನು ಸೋಮಣ್ಣನ ನಂಬರ್ ಕೊಟ್ಟ, ತಾನು ಸತ್ತಮೇಲೆ ಮಾತ್ರ ಮಾಡಬೇಕೆಂದು ಅವಳಿಂದ ಮಾತು ತೆಗೆದುಕೊಂಡು.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದ. ನೆಂಟರು ಹೆಣ್ಣು ಒಪ್ಪಿಗೆ ಎಂದು ಹೇಳಿ ಹೋಗಿದ್ದರಂತೆ. ಸಾವಿತ್ರಿ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಹೊಸ್ತಿಲಲ್ಲೇ ಕಾಯುತ್ತಿದ್ದಳು. ಅವನನ್ನು ಅಂಗಳದಲ್ಲೇ ನಿಲ್ಲಿಸಿ, ತಲೆಯಿಂದ ಕಾಲಿನವರೆಗೆ ದೃಷ್ಟಿ ಇಳಿತೆಗೆದಳು.

“ಕೆಟ್ಟ ಕಣ್ಣು ಹೋಗಲಿ, ಕೆಟ್ಟ ಬಾಯಿ ಹೋಗಲಿ,” ಎಂದಳು. ಆಮೇಲೆ ಸಣ್ಣ ದನಿಯಲ್ಲಿ, “ನನ್ನ ಬಾಯಿಂದೂ ಹೋಗಲಿ.”

ಹೆಸರು ತೆಗೆಸಿದೆಯಾ ಎಂದು ಕೇಳಿದಳು. ಅವನು ಹೂಂ ಎನ್ನುವಂತೆ ತಲೆಯಾಡಿಸಿದ. ದೊಡ್ಡದೊಂದು ಉಸಿರು ಬಿಟ್ಟು, ಹೋಳಿಗೆ ತೆಗೆದಿಟ್ಟಿದ್ದೇನೆ, ಕಾಲು ತೊಳೆದು ಬಾ ಎಂದಳು. ಆದರೆ ಬಾಗಿಲು ಬಿಟ್ಟು ಸರಿಯಲಿಲ್ಲ.

“ಮತ್ತ ಈಗ ಯಾರ ಹೆಸರು ಬರೆಸಿದಿ?”

ಕೇಳುವಾಗ ಅವನನ್ನು ನೋಡಲಿಲ್ಲ, ಮುಷ್ಟಿಯನ್ನೇ ನೋಡುತ್ತಿದ್ದಳು. ನಿಜ ಹೇಳಿದರೆ ಈ ಮನೆಯ ಬಾಗಿಲು ಮುಚ್ಚುತ್ತದೆ. ಇನ್ನೊಬ್ಬರ ಹೆಸರು ಹೇಳಲು, ಸುಳ್ಳಿಗಾದರೂ, ಅವನ ನಾಲಿಗೆ ಏಳಲಿಲ್ಲ.

“ಯಾರಲೇ ಆಕಿ?” ಎಂದಳು ಸಾವಿತ್ರಿ. “ನನಗಿಂತಾ ಹತ್ತಿರದಾಕಿ?”

ಪವನ ಹೊಸ್ತಿಲು ತುಳಿಯದೆ ತಿರುಗಿ ಓಣಿಯ ಕಡೆ ನಡೆದ.