ಕೂಸಿನ ಮಗ್ಗುಲು

"ಒಂಚೂರು ಎಡಕ್ಕ ಎತ್ತರಿ, ಎಡಕ್ಕ! ಹಿಡಿಕಿ ಸಿಕ್ಕೊಂಡದ," ಎಂದು ಕುಣಿ ತೋಡುವ ಹುಸೇನ ಕೂಗಿದ.

ಗಾಡಿಯ ಬಾಗಿಲಿನ ಕೊಂಡಿಗೆ ಪೆಟ್ಟಿಗೆಯ ಹಿಡಿಕೆ ಸಿಕ್ಕಿಕೊಂಡು, ಹೊತ್ತವರು ಆರೂ ಜನ ಅರ್ಧ ಬಗ್ಗಿದಂತೆಯೇ ನಿಂತುಬಿಟ್ಟಿದ್ದರು. ಹಿಂದಿನ ತುದಿಗೆ ಹೆಗಲು ಕೊಟ್ಟವನು ಮಹಾದೇವಪ್ಪ. ಎಪ್ಪತ್ತಾರು ವರ್ಷದ ಮುದುಕ. ನಂದೂರಿನ ದಾಲ್ ಮಿಲ್ಲಿನಲ್ಲಿ ಮೂವತ್ತು ವರ್ಷ ತೊಗರಿ ಚೀಲ ಹೊತ್ತ ಹೆಗಲು. ನೀವು ಬ್ಯಾಡ್ರಿ ಅಂದವರ ಮಾತು ಕೇಳದೆ ಬಂದು ನಿಂತಿದ್ದ. ಪೆಟ್ಟಿಗೆಯೊಳಗೆ ಅವನ ಹೆಂಡತಿ ಹಣಮಮ್ಮ ಇದ್ದಳು.

"ಬದುಕಿದ್ದಾಗ ಬಸ್ಸಿನ್ಯಾಗೂ ಹಿಂಗೇ ಸಿಕ್ಕೊಂತಿದ್ಲು," ಎಂದಳು ಶಾರದಾಬಾಯಿ. ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಹಣಮಮ್ಮನ ಬಾಳೆಹಣ್ಣಿನ ಬುಟ್ಟಿಯ ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಇಷ್ಟು ವರ್ಷ ಕೂತವಳು ಅವಳು. "ಬುಟ್ಟಿ ಒಳಗ, ಈಕಿ ಹೊರಗ. ಕಂಡಕ್ಟರ್ ಬೈತಿದ್ದ, ಈಕಿ ನಗ್ತಿದ್ಲು." ಅಷ್ಟು ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಹಿಡಿಕೆ ಬಿಡಿಸಿಕೊಂಡಿತು. ಪೆಟ್ಟಿಗೆ ಕಮಲಾಪುರದ ಕ್ರೈಸ್ತರ ಸ್ಮಶಾನದೊಳಗೆ ಹೊರಟಿತು. ದೊಡ್ಡದೇನಲ್ಲ ಆ ಜಾಗ. ಹುಲ್ಲು, ನಾಲ್ಕಾರು ಸಿಮೆಂಟಿನ ಶಿಲುಬೆ, ಮೂಲೆಯಲ್ಲೊಂದು ಬೇವಿನ ಗಿಡ. ಗಿಡದ ಬುಡದಲ್ಲಿ ಹೊಸ ಕುಣಿ ಬಾಯಿ ತೆರೆದಿತ್ತು, ಪಕ್ಕದಲ್ಲಿ ಕೆಂಪು ಮಣ್ಣಿನ ಗುಡ್ಡೆ.

"ನಿನ್ನೆ ಸಂಜಿಗೆ ಫೋನ್ ಮಾಡಿ ಹೇಳಿದ್ನೆಪ್ಪಾ," ಎಂದಳು ಮಗಳು ರಮಾಬಾಯಿ, ತಂದೆಯ ತೋಳು ಹಿಡಿದು. "ಬೇವಿನ ಗಿಡದ ಬುಡಕ, ಅಕ್ಕನ ಮಗ್ಗುಲಾಗ ತೆಗಿ ಅಂತ ಹುಸೇನಣ್ಣಗ ಹೇಳಿದೆ. ಅವ್ವ ಹೇಳಿದ್ಹಂಗ."

ಮಹಾದೇವಪ್ಪ ಕುಣಿಯನ್ನೇ ನೋಡಿದ. ಆ ಕುಣಿಯ ಮಗ್ಗುಲಲ್ಲಿ ತನ್ನ ಮೊದಲ ಕೂಸು ಎಸ್ತೇರ ಮಲಗಿದೆಯೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ನಲವತ್ತೊಂದು ವರ್ಷದಿಂದ ಗೊತ್ತಿರಲಿಲ್ಲ. ಅವನಿಗೆ ಗೊತ್ತಿಲ್ಲ ಎಂಬುದು ಬೇರೆ ಯಾರಿಗೂ ಗೊತ್ತಿರಲಿಲ್ಲ.

*

ಹಣಮಮ್ಮನಿಗೆ ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಮಾರ್ಥಾ. ಆ ಹೆಸರು ಚರ್ಚಿನ ಪುಸ್ತಕದಲ್ಲೇ ಉಳಿಯಿತು. ಬಜಾರಿನಲ್ಲಿ, ಓಣಿಯಲ್ಲಿ ಅವಳು ಹಣಮಮ್ಮ. ಕಮಲಾಪುರದ ಕೆಂಪು ಬಾಳೆಹಣ್ಣನ್ನು ಬೆಳಗಿನ ಬಸ್ಸಿಗೆ ತರಿಸಿಕೊಂಡು, ಸ್ಟೇಶನ್ನಿನ ಮೆಟ್ಟಿಲ ಹತ್ತಿರ ಬುಟ್ಟಿ ಇಟ್ಟು ಕೂತರೆ ಏಳುವುದು ಮಧ್ಯಾಹ್ನದ ಗಾಡಿ ಹೋದ ಮೇಲೆ. ಹಮಾಲರಿಗೆ, ಆಟೋದವರಿಗೆ, ಲಾಡ್ಜಿನ ಪೋರಗಳಿಗೆ ಎಲ್ಲರಿಗೂ ಅವಳು ಅವ್ವ.

ಸತ್ತವರು ಏಳುತ್ತಾರೆ ಎಂಬ ಮಾತನ್ನು ಅವಳು ಪಾಸ್ಟರುಗಳ ಹಾಗೆ ದನಿ ಏರಿಸಿ ಹೇಳಿದವಳಲ್ಲ. ನಲ್ಲಿಯ ನೀರಿನ ಬಗ್ಗೆ ಹೇಳುವ ಹಾಗೆ ಹೇಳುತ್ತಿದ್ದಳು. ತಡ ಆಗಬಹುದು, ಬರದೆ ಇರುವುದಿಲ್ಲ, ಕೊಡ ತೊಳೆದಿಟ್ಟಿರಬೇಕು, ಅಷ್ಟೆ. ಯಾರ ಜೊತೆಗೆ ಜಗಳಾಡಿದರೂ ಸಂಜೆಯೊಳಗೆ ಹೋಗಿ ಮಾತಾಡಿಸಿ ಬರುತ್ತಿದ್ದಳು. "ಎಲ್ಲಾರೂ ಒಂದ ದಿನ ಏಳೋರು. ಎದ್ದ ಮ್ಯಾಲ ಎದುರಾಎದುರು ನಿಂತ್ರ ಮುಖ ಎಲ್ಲಿಟ್ಕೊಳ್ಳಲಿ?" ಎನ್ನುತ್ತಿದ್ದಳು.

ಮಹಾದೇವಪ್ಪ ಭಾನುವಾರ ತಪ್ಪಿಸಿದವನಲ್ಲ. ಆದರೆ ಅವನ ತಲೆಗೆ ಆ ಮಾತು ಕೂರುತ್ತಿರಲಿಲ್ಲ. ಒಂದು ಸಲ ಊಟ ಮಾಡುತ್ತ ಕೇಳಿಯೇಬಿಟ್ಟ.

"ಖರೇನ ಏಳ್ತಾರೇನ?"

ಹಣಮಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಎಸ್ತೇರ ಹೋದ ಮ್ಯಾಲ ದಿನಾ ಮುಂಜಾನಿ ನಾ ಹೆಂಗ ಎದ್ದೀನಂತ ಮಾಡಿದಿ?"

ಅವನು ತಟ್ಟೆ ಮುಂದೆ ಮಾಡಿದ. ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಹೋದ ತಿಂಗಳು ಹಾಸಿಗೆ ಹಿಡಿದಾಗ ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದಳು. "ನನ್ನ ಕಮಲಾಪುರಕ್ಕ ಒಯ್ಯಿ. ಕೂಸಿನ ಮಗ್ಗುಲಾಗ ಹಾಕಸು. ನನ್ನ ಎಡಕ್ಕ ಆಕಿ ಇರಬೇಕು ನೋಡು."

"ಎಡಕ್ಕ ಯಾಕ?"

"ನಾ ಎತ್ಕೊಳ್ಳೂದು ಎಡಗೈಲೆ. ಹನ್ನೊಂದು ತಿಂಗಳ ಕೂಸದು, ನಡಿಯಾಕ ಬರಂಗಿಲ್ಲ. ಕಡೀ ದಿನ ದೇವದೂತರು ತುತ್ತೂರಿ ಊದಿದ ಕೂಡ್ಲೆ ಎಲ್ಲಾರೂ ಎದ್ದು ತಮ್ಮ ತಮ್ಮ ಮಂದಿ ಹುಡುಕ್ಕೋಂತ ಹೋಗ್ತಾರ. ಅದೊಂದ ಅಳ್ಕೋಂತ ಕುಂದರ್ತದ. ಯಾರು ಎತ್ಕೋಬೇಕು ಅದನ್ನ?"

ಆಗ ಹೇಳಬೇಕಾಗಿತ್ತು. ಬಾಯಿಯ ತನಕ ಬಂದಿತ್ತು. ಅವಳು ಅವನ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ಕಣ್ಣು ಮುಚ್ಚಿದಳು. ಅವನು "ಹೂಂ" ಎಂದ.

*

ಆ ದಿನದ್ದು ಅವನಿಗೆ ಎಲ್ಲ ನೆನಪಿತ್ತು, ಬೇಕಾದ ಒಂದನ್ನು ಬಿಟ್ಟು. ಶ್ರಾವಣ, ಜಿಟಿಜಿಟಿ ಮಳೆ. ತಾಯಿಗೂ ಕೂಸಿಗೂ ಒಂದೇ ಜ್ವರ. ತಾಯಿ ಕಲಬುರಗಿಯ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿರುವಾಗ ಕೂಸು ಹೋಯಿತು. ಬಿಳಿ ಟವೆಲಿನಲ್ಲಿ ಸುತ್ತಿಕೊಂಡು ಅವನೊಬ್ಬನೇ ಕಮಲಾಪುರದ ಬಸ್ಸು ಹತ್ತಿದ. ಪಕ್ಕದಲ್ಲಿ ಕೂತ ಹೆಂಗಸು, ನಿದ್ದಿ ಮಾಡ್ಯದೇನು, ಅಂತ ಕೇಳಿದಳು. ಹೌದವ್ವಾ ಅಂದ. ಅವಳ ಬಳೆಯ ಬಣ್ಣ ಹಸಿರು.

ಪಾಸ್ಟರು ಊರಲ್ಲಿರಲಿಲ್ಲ. ಬಾವಿ ತೋಡುವ ಇಮಾಮುದ್ದೀನ್ ಸಿಕ್ಕ, ಹುಸೇನನ ತಂದೆ. ತನ್ನ ಮಂದಿಯ ಕುಣಿಯನ್ನೂ ತೋಡುತ್ತಿದ್ದವನು ಅವನೇ. "ತಂದಿ ಆದಾಂವ ಇದನ್ನ ನೋಡಬಾರ್ದು, ನೀ ಆ ಕಡಿ ಮುಖ ಮಾಡಿ ಕೂಡು," ಎಂದು ಮಹಾದೇವಪ್ಪನನ್ನು ಗೋಡೆಯ ಬದಿಗೆ ಕೂರಿಸಿದ. ಕರೆದಾಗ ಇವನು ಎದ್ದು ಹೋಗಿ ಮೂರು ಹಿಡಿ ಮಣ್ಣು ಹಾಕಿದ. ಕರ್ತನ ಪ್ರಾರ್ಥನೆ ಅರ್ಧಕ್ಕೇ ಮರೆತು ಹೋಯಿತು, ಅರ್ಧವನ್ನೇ ಎರಡು ಸಲ ಹೇಳಿದ. ಕಣ್ಣಲ್ಲಿ ನೀರು, ಮೇಲೆ ಮಳೆ, ಏನೂ ಕಾಣಿಸುತ್ತಿರಲಿಲ್ಲ.

ಮೂರು ತಿಂಗಳ ಮೇಲೆ ಹಣಮಮ್ಮ ಎದ್ದು ಓಡಾಡುವ ಹಾಗಾದಳು. ಕೂಸನ್ನು ಎಲ್ಲಿಟ್ಟಿ ತೋರಿಸು ಅಂದಳು. ಬಂದು ನೋಡಿದರೆ ಮಳೆಗೆ ಗುಡ್ಡೆ ಕರಗಿ, ಸೊಂಟದೆತ್ತರ ಹುಲ್ಲು. ಇಮಾಮುದ್ದೀನ್ ಬೇರೆ ಊರಲ್ಲಿ ಬಾವಿಯ ಕೆಲಸಕ್ಕೆ ಹೋಗಿದ್ದ. "ಎಲ್ಲಿ?" ಅಂದಳು ಅವಳು. ಅವನ ಹೆಗಲು ಹಿಡಿದು ನಿಂತಿದ್ದಳು. ಅವನ ಕೈ ತಾನಾಗಿ ಎದ್ದು ಬೇವಿನ ಗಿಡವನ್ನು ತೋರಿಸಿತು. ಅವಳು ಹೋಗಿ ಅಲ್ಲಿ ಕೂತಳು.

ಅಂದಿನಿಂದ ಪ್ರತಿ ಈಸ್ಟರಿನ ನಸುಕಿನಲ್ಲಿ ಮೇಣದ ಬತ್ತಿ, ಒಂದು ಮೊಳ ಹೂವು ಹಿಡಿದು ಹಣಮಮ್ಮ ಆ ಬುಡದಲ್ಲಿ ಕೂರುವುದು. ಮೊದಲ ವರ್ಷ ಹೇಳಲಾಗಲಿಲ್ಲ. ಎರಡನೆಯ ವರ್ಷ, ಹೋದ ವರ್ಷವೇ ಯಾಕೆ ಹೇಳಲಿಲ್ಲ ಅಂದಾಳು ಎಂಬ ಅಂಜಿಕೆ. ಇಮಾಮುದ್ದೀನನನ್ನು ಕೇಳಿದರೆ ಮಾತು ಅವಳ ಕಿವಿಗೆ ಬಿದ್ದೀತೆಂದು ಅದನ್ನೂ ಬಿಟ್ಟ. ಆಮೇಲೆ ವರ್ಷಗಳು ಹಾಗೇ ಒಂದರ ಮೇಲೊಂದು ಬಂದವು.

*

ಪಾಸ್ಟರ್ ಪುಸ್ತಕ ತೆರೆದಿದ್ದರು. ಪೆಟ್ಟಿಗೆಯ ಕೆಳಗೆ ಹಗ್ಗ ಹಾಯಿಸಿದ್ದರು.

"ಇಳಿಸಬ್ಯಾಡ್ರಿ," ಎಂದ ಮಹಾದೇವಪ್ಪ.

ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದ. ಹಗ್ಗ ಹಿಡಿದವರು ನಿಂತರು.

"ಕೂಸು ಇಲ್ಲಿಲ್ಲರಿ."

"ಏನಂದಿ?" ರಮಾಬಾಯಿ ಅವನ ಮುಖ ನೋಡಿದಳು.

"ಇಲ್ಲಿ ಅದನೋ ಇಲ್ಲೋ ನನಗ ಗೊತ್ತಿಲ್ಲವ್ವಾ. ಆವತ್ತ ನಿಮ್ಮವ್ವ ಕೇಳಿದ್ಲು, ಗುರ್ತು ಸಿಗಲಿಲ್ಲ. ಸುಮ್ಮ ಕೈ ಮಾಡಿ ತೋರಿಸಿದೆ."

ಹಗ್ಗ ಹಿಡಿದವರು ಹಗ್ಗವನ್ನು ಕೆಳಗಿಟ್ಟರು. ಮೊದಲು ಬಾಯಿ ಬಿಟ್ಟವಳು ಶಾರದಾಬಾಯಿ.

"ಅಯ್ಯ ನಿನ್ನ! ಹಂಗಾದ್ರ ಇಷ್ಟು ವರ್ಷ ನನ್ನ ಹೂವೆಲ್ಲಾ ಯಾರಿಗಿ ಹೋದ್ವು?"

"ಈ ಗಿಡಕ್ಕ," ಎಂದ ಯಾರೋ ಹಿಂದಿನಿಂದ. ಒಂದಿಬ್ಬರು ನಕ್ಕು, ನಕ್ಕಿದ್ದಕ್ಕೆ ನಾಚಿ ಕೆಮ್ಮಿದರು. ರಮಾಬಾಯಿ ನಗಲಿಲ್ಲ. "ಅವ್ವಗ ಒಂದ ಮಾತು ಹೇಳಬೇಕಿತ್ತಪ್ಪಾ ನೀ. ಒಂದ ಮಾತು," ಎಂದು ಮುಖ ತಿರುಗಿಸಿದಳು. ಅವನು ತಲೆ ತಗ್ಗಿಸಿದ.

ಪಾಸ್ಟರ್ ವಯಸ್ಸಿನಲ್ಲಿ ಸಣ್ಣವರು, ಒಳ್ಳೆಯವರು. ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಅಜ್ಜಾರ, ಮನಸ್ಸಿಗಿ ಹಚ್ಕೋಬ್ಯಾಡ್ರಿ. ಜಾಗದ ಮಾತೇ ಅಲ್ಲ ಇದು. ಸಮುದ್ರದಾಗ ಮುಳುಗಿದವರೂ ಏಳ್ತಾರ, ಬೆಂಕ್ಯಾಗ ಸುಟ್ಟವರೂ ಏಳ್ತಾರ. ಯಾರು ಎಲ್ಲಿ ಇದ್ದಾರಂತ ದೇವರಿಗಿ ಗೊತ್ತದ."

"ದೇವರಿಗಿ ಗೊತ್ತದರಿ," ಎಂದ ಮಹಾದೇವಪ್ಪ. "ಆಕಿಗಿ ಗೊತ್ತಿಲ್ಲಲ್ರಿ. ಎದ್ದ ಕೂಡ್ಲೆ ಎಡಕ್ಕ ಕೈ ಚಾಚ್ತಾಳ. ಬರೇ ಮಣ್ಣು ಸಿಕ್ರ?"

ಪಾಸ್ಟರ್ ನಡುವೆ ಬೆರಳಿಟ್ಟು ಪುಸ್ತಕ ಮುಚ್ಚಿದರು.

ಅಷ್ಟರಲ್ಲಿ ಗೋಡೆಯ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಮುದುಕ ಇಮಾಮುದ್ದೀನ್ ಕೋಲೂರಿ ಎದ್ದ. ತೊಂಬತ್ತರ ಹತ್ತಿರ ಅವನಿಗೆ. ಒಂದು ಕಣ್ಣು ಪೂರಾ ಹೋಗಿತ್ತು.

"ಮಾದಪ್ಪಾ, ನಂದೂ ಒಂದು ತಪ್ಪದ," ಎಂದ. "ಆವತ್ತ ನಾ ಆ ಕುಣಿ ನಮ್ಮ ಪದ್ಧತಿಗಿ ತೆಗದೀನಿ."

"ಹಂಗಂದ್ರ?"

"ನಿಮ್ಮವು ಪಡುವಣಕ್ಕ ತಲಿ, ಮೂಡಣಕ್ಕ ಕಾಲು. ನಮ್ಮವು ಬಡಗಣಕ್ಕ ತಲಿ, ತೆಂಕಣಕ್ಕ ಕಾಲು, ಮುಖ ಕಿಬ್ಲಾದ ಕಡಿ, ಅಂದ್ರ ಮಕ್ಕಾದ ಕಡಿ. ಕೈ ರೂಢಿ ಬಿದ್ದಿತ್ತು. ಮನಿಗಿ ಹೋಗಿ ಊಟಕ್ಕ ಕುಂತಾಗ ಹೊಳೀತು. ಯಾ ಅಲ್ಲಾ, ಇದೇನು ಮಾಡಿದೆ ಅಂತ. ತಿರುಗಿ ತೆಗಿಬೇಕಂದ್ರ ಜೀವ ಒಪ್ಪಲಿಲ್ಲ. ನಿನಗ ಹೇಳಬೇಕಂದ್ರ ಬಾಯಿ ಬರಲಿಲ್ಲ. ಅದಕ್ಕ ಆ ಜಾಗ ನನಗ ಮರ್ತಿಲ್ಲ."

ಮಹಾದೇವಪ್ಪನಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಅವನು ಜಾಗ ತಿಳಿಯದೆ ಬಾಯಿ ಮುಚ್ಚಿಕೊಂಡಿದ್ದ. ತಿಳಿದವನು ತಿಳಿದಿದ್ದಕ್ಕೇ ಬಾಯಿ ಮುಚ್ಚಿಕೊಂಡಿದ್ದ. "ಎಲ್ಲದ ಇಮಾಮಣ್ಣಾ?" ಎಂದ.

"ಬಾವಿ ಕಟ್ಟಿಯಿಂದ ಹನ್ನೆರಡು ಹೆಜ್ಜಿ. ನೆಟ್ಟಗ ಬೇವಿನ ಕಡಿ ಬರಬೇಕು."

ಬಾವಿ ಮುಚ್ಚಿ ಬಹಳ ವರ್ಷವಾಗಿತ್ತು. ಹುಲ್ಲಿನಲ್ಲಿ ಅದರ ಕಟ್ಟೆಯ ಅರ್ಧ ಸುತ್ತು ಮಾತ್ರ ಉಳಿದಿತ್ತು. ಅದರಲ್ಲಿ ಯಾವ ಕಲ್ಲಿನಿಂದ ಎಣಿಸಬೇಕು? ಇಮಾಮುದ್ದೀನ್ ಒಂದು ಕಲ್ಲಿಗೆ ಕೋಲು ತಾಗಿಸಿ ಹೊರಟ. ಹನ್ನೆರಡಕ್ಕೆ ನಿಂತ ಜಾಗ ಬೇವಿನಿಂದ ಬಹಳ ದೂರ ಉಳಿಯಿತು.

"ಅಬ್ಬಾ, ಆವತ್ತಿನ ಹೆಜ್ಜಿ ಅಲ್ಲ ಇವು," ಎಂದ ಹುಸೇನ. "ಆಗ ನೀ ನನ್ನಷ್ಟು ಎತ್ತರ ಇದ್ದಿ. ನಾ ಹಾಕ್ತೇನಿ, ನೀ ಎಣಸು."

ಹುಸೇನ ಹಾಕಿದ, ಮುದುಕ ಎಣಿಸಿದ. ಹತ್ತಾದ ಮೇಲೆ ಹನ್ನೊಂದೋ ಹನ್ನೆರಡೋ ಎಂದು ತಂದೆ ಮಗನಿಗೆ ವಾದವಾಯಿತು. ಮೊದಲಿಂದ ಹಾಕಿದರು. ಹೆಂಗಸರು ಬಿಸಿಲಿಗೆ ಸೆರಗು ಹೊದ್ದು ನಡುವೆ ಪೆಟ್ಟಿಗೆ ಇಟ್ಟುಕೊಂಡು ಕೂತರು. ಪಾಸ್ಟರ್ ಗಡಿಯಾರ ನೋಡುವುದನ್ನು ಬಿಟ್ಟಿದ್ದರು.

ಹೆಜ್ಜೆ ನಿಂತ ಕಡೆ ಹುಸೇನ ಹಾರೆಯಿಂದ ನೆಲ ಚುಚ್ಚುತ್ತ ಹೋದ. ಎಲ್ಲಿ ಚುಚ್ಚಿದರೂ ಕಲ್ಲುಮಣ್ಣಿನ ಗರಸು ಟಣ್ ಎನ್ನುತ್ತಿತ್ತು. ಒಂದು ಕಡೆ ಹಾರೆ ಸದ್ದಿಲ್ಲದೆ ಮೊಳದುದ್ದ ಇಳಿಯಿತು. ಹುಸೇನ ಕೂತು ಅತ್ತ ಇತ್ತ ಮೆಲ್ಲಗೆ ಚುಚ್ಚಿ ನೋಡಿದ. ಮೆತ್ತಗಿನ ಮಣ್ಣು ಬಡಗಣದಿಂದ ತೆಂಕಣಕ್ಕೆ, ಎರಡು ಮೊಳ.

"ಇದ ಇರಬೇಕು ಕಾಕಾ," ಎಂದವನು ತಡೆದು, "ಹೆಗ್ಗಣದ ಬಿಲಾನೂ ಆಗಿರಬಹುದು. ನಾ ಆಣಿ ಮಾಡಿ ಹೇಳಂಗಿಲ್ಲ," ಎಂದ.

"ತೆಗದು ನೋಡೂಣೇನು?" ಎಂದ ಯಾರೋ.

"ಬ್ಯಾಡ," ಎಂದರು ಮಹಾದೇವಪ್ಪ, ಇಮಾಮುದ್ದೀನ್ ಇಬ್ಬರೂ ಒಟ್ಟಿಗೆ.

ಎಲ್ಲರೂ ಮಹಾದೇವಪ್ಪನ ಮುಖ ನೋಡಿದರು. ಅವನು ಬೇವಿನ ಬುಡದ ಕುಣಿಯನ್ನು ನೋಡಿದ, ಹುಲ್ಲಿನ ಈ ಜಾಗವನ್ನು ನೋಡಿದ. ಅಲ್ಲಿ ಅವಳ ನಲವತ್ತು ಮುಂಜಾವು ಇದ್ದವು. ಇಲ್ಲಿ ಎರಡು ಮೊಳ ಮೆತ್ತಗಿನ ಮಣ್ಣಿತ್ತು. ಹಣಮಮ್ಮ ಇದ್ದಿದ್ದರೆ ಏನನ್ನುತ್ತಿದ್ದಳು? ತಿಳಿಯಲಿಲ್ಲ. ಕೊನೆಗೆ ಬಗ್ಗಿ, ಆ ಮೆತ್ತಗಿನ ಮಣ್ಣಿನ ತೆಂಕಣ ತುದಿಯಿಂದ ಒಂದು ಗೇಣು ಬಿಟ್ಟು ಬೆರಳಿನಿಂದ ಗೆರೆ ಎಳೆದ.

"ಇಲ್ಲಿ ತೆಗೀರಿ. ಪಡುವಣಕ್ಕ ತಲಿ. ಆಕಿ ಎಡಕ್ಕ ಕೂಸು ಬರ್ತದ."

"ಕೂಸಿನ ಕಾಲು ಬರ್ತಾವ," ಎಂದ ಇಮಾಮುದ್ದೀನ್.

"ಬರಲಿ. ಕಾಲು ಸಿಕ್ರ ಕೂಸು ಸಿಕ್ಕಂಗ."

ತೋಡಲು ಎರಡು ತಾಸು ಹಿಡಿಯಿತು. ಪಾಸ್ಟರ್ ನಿಲುವಂಗಿ ಬಿಚ್ಚಿ ಗಿಡಕ್ಕೆ ತೂಗುಹಾಕಿ, ಮಣ್ಣಿನ ಪುಟ್ಟಿ ಹೊತ್ತರು. ರಮಾಬಾಯಿ ಮಾತಾಡದೆ ತಂದೆಗೆ ನೀರು ಕೊಟ್ಟಳು. ಅವನು ಕುಡಿದು ಮುಗಿಸುವ ತನಕ ಅಲ್ಲೇ ನಿಂತಿದ್ದು, ಸೆರಗಿನಿಂದ ಅವನ ಗದ್ದ ಒರೆಸಿದಳು.

ಹಗ್ಗ ಮತ್ತೆ ಪೆಟ್ಟಿಗೆಯ ಕೆಳಗೆ ಹೋಯಿತು. ಆಗ ಮಹಾದೇವಪ್ಪ ಚಪ್ಪಲಿ ಬಿಟ್ಟು ಕುಣಿಯ ಅಂಚಿಗೆ ಕೂತು, ಕಾಲು ಇಳಿಬಿಟ್ಟು, ಯಾರಾದರೂ ಹಿಡಿಯುವುದರೊಳಗೆ ಒಳಗೆ ಇಳಿದ.

"ಅಪ್ಪಾ! ಏನ್ ಮಾಡಾಕತ್ತೀ?"

ಅವನು ಪಡುವಣಕ್ಕೆ ತಲೆ ಮಾಡಿ ತಳದಲ್ಲಿ ಅಂಗಾತ ಮಲಗಿದ. ಎಡಗೈ ಚಾಚಿದ. ಮೊಣಕೈ ನೆಟ್ಟಗೆ ಆಗುವ ಮೊದಲೇ ಬೆರಳು ಗೋಡೆಗೆ ತಾಗಿದವು. ಗೋಡೆಯಾಚೆಗಿನ ಗೇಣನ್ನು ಮನಸ್ಸಿನಲ್ಲೇ ಅಳೆದು ನೋಡಿದ.

"ಹುಸೇನಾ, ಆಕಿ ಕೈ ನನಕಿಂತ ಗಿಡ್ಡ. ಇಲ್ಲಿಂದ ಮುಟ್ಟಂಗಿಲ್ಲ. ಈ ಕಡಿ ಇನ್ನ ನಾಕು ಬಟ್ಟು ತೆಗಿ."

"ಅಜ್ಜಾರ, ನಡುವ ಪೆಟ್ಟಿಗಿ ಹಲಗಿ ಇರ್ತದಲ್ರಿ," ಎಂದರು ಪಾಸ್ಟರ್, ಮೇಲಿನಿಂದ ಬಗ್ಗಿ.

"ಹಲಗಿ ಎಷ್ಟು ದಿನ ಇರ್ತದ್ರಿ?"

ಹುಸೇನ ಗುದ್ದಲಿ ಹಿಡಿದು ಬಂದ. ಮುದುಕ ಒಳಗಿರುವಾಗ ಎಲ್ಲಿ ಏಟು ಹಾಕಬೇಕೋ ತಿಳಿಯದೆ ನಿಂತ. ಮಹಾದೇವಪ್ಪ ಏಳಲಿಲ್ಲ. ಅಂಗೈಯನ್ನು ಮಣ್ಣಿನ ಗೋಡೆಗೆ ಹಚ್ಚಿ, ಮೇಲಿನ ಆಕಾಶಕ್ಕೆ ಕಣ್ಣು ಕಿರಿದು ಮಾಡಿಕೊಂಡು ಮಲಗಿಯೇ ಇದ್ದ. ಹಗ್ಗ ಹಿಡಿದವರು, ಪುಟ್ಟಿ ಹಿಡಿದವರು, ಹಿಡಿ ಮಣ್ಣು ಹಿಡಿದ ಹೆಂಗಸರು, ಎಲ್ಲರೂ ಕುಣಿಯ ಸುತ್ತ ಬಗ್ಗಿ, ಅವನು ಏಳುವುದನ್ನೇ ಕಾಯುತ್ತ ನಿಂತರು.