ಬೀಗದ ಕೈ ಆಫೀಸಿನಲ್ಲಿದೆ

ಮಂಗಳವಾರ ಮತ್ತು ಗುರುವಾರ ಆಕೆ ಆ ಸರ್ಕಾರಿ ಶಾಲೆಗೆ ಬರುತ್ತಿದ್ದಳು. ಉಳಿದ ದಿನ ಬೇರೆ ಎರಡು ಶಾಲೆ. ಕಾಗದದ ಮೇಲೆ ಅವಳು 'ಅರೆಕಾಲಿಕ ವರ್ತನಾ ತಜ್ಞೆ', ಮಕ್ಕಳ ಬಾಯಲ್ಲಿ 'ನೋಟ್‌ಬುಕ್ ಮಿಸ್'. ಯಾವುದಾದರೂ ಮಗು ಹೊಡೆಯುತ್ತದೆ, ಕಚ್ಚುತ್ತದೆ ಎಂದಾಗ ಅವಳನ್ನು ಕರೆಸುತ್ತಿದ್ದರು. ಹಿಂದಿನ ಪುಟ್ಟ ಬೆಂಚಿನಲ್ಲಿ ಮಂಡಿ ಎದೆಗೆ ತಾಗುವಂತೆ ಮುದುರಿ ಕೂತು ಅವಳು ನೋಡುತ್ತಿದ್ದಳು. ಪುಟಕ್ಕೆ ಎರಡು ಗೆರೆ ಎಳೆದು, ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು ಎಂದು ಬರೆದುಕೊಳ್ಳುತ್ತಿದ್ದಳು.

ಈ ಸಲ ಕರೆಸಿದ್ದು ಎರಡನೇ ತರಗತಿಯ ಒಬ್ಬ ಹುಡುಗಿಗಾಗಿ. ಏಳು ವರ್ಷ. ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು. ಮಾತು ಇಲ್ಲವೆನ್ನುವಷ್ಟು ಕಡಿಮೆ. ಗದ್ದಲವಾದರೆ ಕಿವಿ ಮುಚ್ಚಿಕೊಂಡು ಗೋಡೆಗೆ ಅಂಟಿಕೊಳ್ಳುತ್ತಿದ್ದಳು. ಹೆಡ್‌ಮಿಸ್ ಕೊಟ್ಟ ದೂರಿನಲ್ಲಿ ಇದ್ದದ್ದು ಒಂದೇ ಸಾಲು: 'ಯಾವ ಕಾರಣವೂ ಇಲ್ಲದೆ ಕುರ್ಚಿ ಎಸೆಯುತ್ತಾಳೆ.'

ಆ 'ಯಾವ ಕಾರಣವೂ ಇಲ್ಲದೆ' ಎನ್ನುವುದನ್ನು ಕಂಡರೇ ನೋಟ್‌ಬುಕ್ ಮಿಸ್‌ಗೆ ಆಗುತ್ತಿರಲಿಲ್ಲ.

ಎರಡು ದಿನ ನೋಡಿದಳು. ಎರಡು ದಿನವೂ ಹನ್ನೆರಡಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಕುರ್ಚಿ ಹಾರಿತು. ಮೂರನೆಯ ದಿನ ಕುರ್ಚಿಯನ್ನು ಬಿಟ್ಟು ಹುಡುಗಿಯನ್ನೇ ನೋಡುತ್ತ ಕೂತಳು. ಹನ್ನೊಂದೂಕಾಲಿಗೆ ಗುಬ್ಬಿ ಎದ್ದು ಟೀಚರ್ ಹತ್ತಿರ ಹೋಗಿ ತೋಳು ಹಿಡಿದು ಎಳೆದಳು. ನಲವತ್ತೊಂದು ಕಾಪಿ ಪುಸ್ತಕಗಳ ನಡುವೆ ಮುಳುಗಿದ್ದ ಟೀಚರ್ ತಲೆ ಎತ್ತದೆ, "ಹೋಗಿ ಕೂತ್ಕೋ ಪುಟ್ಟಿ" ಎಂದರು. ಮತ್ತೆ ಬಂದಳು, ಮತ್ತೆ ಎಳೆದಳು. "ಕೂತ್ಕೋ ಅಂದೆ ತಾನೆ?" ಹುಡುಗಿ ಕೂತಳು. ಕಾಲಿಗೆ ಕಾಲು ಹೆಣೆದು ಹಿಂದಕ್ಕೂ ಮುಂದಕ್ಕೂ ತೂಗತೊಡಗಿದಳು. ಅರ್ಧ ಗಂಟೆ ಕಳೆಯಿತು. ಕುರ್ಚಿ ಹಾರಿ ಬಾಗಿಲ ಬಳಿ ಬಿತ್ತು.

"ಹೊರಗೆ ನಡಿ!"

ನೋಟ್‌ಬುಕ್ ಮಿಸ್ ಹಿಂದೆಯೇ ಎದ್ದು ಹೋದಳು. ಹುಡುಗಿ ಅಳಲಿಲ್ಲ. ಕಾರಿಡಾರಿನಲ್ಲಿ ಒಂದೇ ಉಸಿರಿಗೆ ಓಡಿ, ಟೀಚರುಗಳ ಶೌಚಾಲಯದ ಚಿಲಕವನ್ನು ತುದಿಗಾಲಲ್ಲಿ ನಿಂತು ತೆಗೆದು ಒಳಗೆ ಹೋದಳು. ಎರಡು ನಿಮಿಷದಲ್ಲಿ ಒದ್ದೆ ಕೈಯನ್ನು ಫ್ರಾಕಿಗೆ ಒರೆಸಿಕೊಳ್ಳುತ್ತ ಬಂದು, ತರಗತಿಯ ಗೋಡೆಗೊರಗಿ ಶಾಂತವಾಗಿ ನಿಂತಳು.

ಮಕ್ಕಳ ಶೌಚಾಲಯ ಅಂಗಳದ ಆ ತುದಿಯಲ್ಲಿತ್ತು. ಬಾಗಿಲಿಗೆ ಅಂಗೈಯಗಲದ ಬೀಗ.

"ಬೀಗದ ಕೈ ಆಫೀಸಲ್ಲಿದೆ ಮೇಡಂ" ಎಂದಳು ಪಕ್ಕದಲ್ಲೇ ಗುಡಿಸುತ್ತಿದ್ದ ಆಯಾ. "ನಲ್ಲಿ ಮುರೀತಾರೆ ಅಂತ ಹೋದ ವರ್ಷದಿಂದ ಇಂಟರ್ವಲ್‌ಗೆ ಮಾತ್ರ ತೆಗಿಯೋದು. ಹತ್ತು ನಿಮಿಷ."

"ಮುನ್ನೂರು ಮಕ್ಕಳಿಗಾ?"

"ನೂಕಾಡ್ತಾವೆ, ಕಿರುಚಾಡ್ತಾವೆ. ಆ ಮೂಗಿ ಹುಡುಗಿ ಮಾತ್ರ ಹತ್ರಾನೂ ಸುಳಿಯಲ್ಲ."

ನೋಟ್‌ಬುಕ್ ಮಿಸ್‌ಗೆ ಮೈಯೆಲ್ಲ ಉರಿದುಹೋಯಿತು. ಒಂದು ನಲ್ಲಿ ಉಳಿಸಲಿಕ್ಕೆ ಒಂದು ಮಗುವಿಗೆ ಹುಚ್ಚಿಯ ಪಟ್ಟ!

ಸಂಜೆ ಬಸ್ ಡ್ರೈವರ್ ಆಗಿದ್ದ ಗಂಡನೆದುರು ಎಲ್ಲವನ್ನೂ ಕಕ್ಕಿದಳು. ಅವನು ನಗುತ್ತ, "ಇದನ್ನ ಕಂಡುಹಿಡಿಯೋಕೆ ಅಷ್ಟು ಓದ್ಬೇಕಿತ್ತಾ? ನನ್ನ ಕೇಳಿದ್ರೆ ಹೇಳ್ತಿದ್ದೆ. ನಾಲ್ಕು ಗಂಟೆ ಕಟ್ಕೊಂಡು ಕೂತ್ರೆ ನನಗೂ ಸ್ಟೇರಿಂಗ್ ಕಿತ್ತು ಎಸೀಬೇಕು ಅನ್ಸುತ್ತೆ" ಎಂದ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ.

ಮುಂದಿನ ಮಂಗಳವಾರ ಹೆಡ್‌ಮಿಸ್ ಮೇಜಿನ ಮೇಲೆ ಟೈಪಾದ ಎರಡು ಹಾಳೆ ಕಾದಿದ್ದವು. 'ಈ ಮಗು ಸಾಮಾನ್ಯ ಶಾಲೆಗೆ ತಕ್ಕವಳಲ್ಲ, ವಿಶೇಷ ಶಾಲೆಗೆ ಕಳಿಸಬೇಕು.' ಕೆಳಗೆ ಇವಳದೇ ಹೆಸರು, ಸಹಿಗೆ ಜಾಗ.

"ಇದನ್ನ ಬರೆದೋರು ಯಾರು?"

"ನಿಮಗೆ ಕೆಲಸ ಹಗುರ ಆಗ್ಲಿ ಅಂತ ಕ್ಲರ್ಕ್ ಹತ್ರ ಮಾಡಿಸಿಟ್ಟೆ" ಎಂದರು ಹೆಡ್‌ಮಿಸ್. "ಸಹಿ ಹಾಕಿ. ತಾಯಿ ಹೊರಗೆ ಕೂತಿದಾರೆ."

"ನಾನು ಬರೀದೇ ಇರೋದಕ್ಕೆ ನಾನು ಸಹಿ ಹಾಕೋದಾ?"

"ಮೇಡಂ, ನೀವು ವಾರಕ್ಕೆ ಎರಡು ದಿನ ಬಂದು ಹೋಗೋರು. ದಿನಾ ಏಗೋರು ನಾವು."

"ಏಗ್ತಿರೋದು ನೀವಲ್ಲ, ಆ ಮಗು!" ಧ್ವನಿ ಕಿಟಕಿ ದಾಟಿತು. ಅವಳು ತಗ್ಗಿಸಲಿಲ್ಲ. "ತಾಯೀನ ಒಳಗೆ ಕರೀರಿ."

ಹುಡುಗಿಯ ತಾಯಿ ಹೊಲಿಗೆ ಕಾರ್ಖಾನೆಯಿಂದ ಅರ್ಧ ದಿನದ ರಜೆ ಹಾಕಿ ಬಂದಿದ್ದಳು. ತಪ್ಪು ಮಾಡಿದವಳಂತೆ ಕುರ್ಚಿಯ ಅಂಚಿಗೆ ಕೂತಳು. ನೋಟ್‌ಬುಕ್ ಮಿಸ್ ತನ್ನ ಪುಟಗಳನ್ನು ತಾರೀಖು, ಗಂಟೆ, ನಿಮಿಷ ಸಮೇತ ಗಟ್ಟಿಯಾಗಿ ಓದಿದಳು. ತೋಳು ಎಳೆದದ್ದು, ಕಾಲು ಹೆಣೆದದ್ದು, ಓಡಿದ್ದು. "ಕುರ್ಚಿ ಎಸೆದ್ರೆ ಹೊರಗೆ ಕಳಿಸ್ತಾರೆ, ಹೊರಗೆ ಹೋದ್ರೆ ಆ ಬಾಗಿಲು ಸಿಗುತ್ತೆ. ಇದನ್ನ ಅವಳಿಗೆ ಕಲಿಸಿದ್ದು ನಾವೇ."

"ಅದಕ್ಕೇನಾ..." ಎಂದಳು ತಾಯಿ. "ಬೆಳಿಗ್ಗೆ ಎದ್ರೆ ಒಂದು ಗುಟುಕು ನೀರು ಕುಡಿಯಲ್ಲ ಮೇಡಂ. ಲೋಟ ತಳ್ತಾಳೆ. ಹಟ ಅಂತ ಎರಡೇಟು ಹೊಡ್ದೂ ಇದೀನಿ."

ಹೆಡ್‌ಮಿಸ್ ಹಾಳೆಗಳನ್ನು ಡ್ರಾಯರಿಗೆ ಸರಿಸಿದರು.

ಎರಡು ದಿನದಲ್ಲಿ ಬೀಗ ಹೋಯಿತು. ನೋಟ್‌ಬುಕ್ ಮಿಸ್ ಗುಬ್ಬಿಗೆ ಬಾಗಿಲ ಚಿತ್ರದ ಒಂದು ಕೆಂಪು ಚೀಟಿ ಮಾಡಿಕೊಟ್ಟಳು. ಅದನ್ನು ಟೀಚರ್ ಮೇಜಿನ ಮೇಲಿಟ್ಟರೆ ಸಾಕು, ಹೋಗಿಬರಬಹುದು. ಮೊದಲ ದಿನ ಹುಡುಗಿ ಚೀಟಿ ಇಟ್ಟು ನಡೆದಳು. ಅವಳ ಹಿಂದೆಯೇ ಒಬ್ಬ ಎದ್ದು ನಿಂತ. "ಮಿಸ್, ನಾನೂ?" ಮತ್ತೊಬ್ಬಳು ಎದ್ದಳು. ನೋಡುನೋಡುತ್ತಿದ್ದಂತೆ ಹನ್ನೊಂದು ಕೈಗಳು.

ಟೀಚರ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಇವರೆಲ್ಲ ಗಲಾಟೆ ಮಾಡದ ಒಳ್ಳೆ ಮಕ್ಕಳು ಅಂದ್ಕೊಂಡಿದ್ದೆ ಮೇಡಂ."

"ತಡ್ಕೊಂಡು ಕೂತಿದ್ರು, ಅಷ್ಟೇ."

ಆ ವಾರದಿಂದ ಕುರ್ಚಿ ಹಾರಲಿಲ್ಲ. ಆದರೆ ಶಾಲೆಯ ವರ್ಷ ಮುಗಿಯುತ್ತಲೇ ಇಲಾಖೆಯಿಂದ ಮೂರು ಸಾಲಿನ ಪತ್ರ ಬಂತು: ಶಾಲೆಯ ಕೋರಿಕೆಯಂತೆ, ಮುಂದಿನ ವರ್ಷ ಅಲ್ಲಿಗೆ ಅವಳ ಸೇವೆ ಬೇಕಾಗಿಲ್ಲ. ಕಾರಣ ಬರೆದಿರಲಿಲ್ಲ. ಗಂಡ ಓದಿ, "ಬಿಟ್ಹಾಕು, ಇನ್ನೆರಡು ಶಾಲೆ ಇದೆಯಲ್ಲ" ಎಂದ.

ಅವಳು ಬಿಟ್ಟುಹಾಕಲಿಲ್ಲ. ಆ ಎರಡು ಶಾಲೆಗಳಿಗೂ ಹೋಗಿ ಮಕ್ಕಳ ಶೌಚಾಲಯ ನೋಡಿದಳು; ಒಂದರಲ್ಲಿ ಬೀಗವಿತ್ತು. ಮಕ್ಕಳ ಸಂಖ್ಯೆ, ಬಾಗಿಲು ತೆಗೆಯುವ ನಿಮಿಷಗಳು ಎಲ್ಲವನ್ನೂ ಬರೆದು, ಕೆಳಗೆ ತನ್ನ ಸಹಿಯನ್ನು ತಾನೇ ಹಾಕಿ ಇಲಾಖೆಗೆ ಕಳಿಸಿದಳು. ಉತ್ತರ ಇನ್ನೂ ಬಂದಿಲ್ಲ. ತಿಂಗಳಿಗೊಂದು ನೆನಪೋಲೆ ಬರೆಯುತ್ತಲೇ ಇದ್ದಾಳೆ. ಗುಬ್ಬಿ ಅದೇ ಶಾಲೆಯಲ್ಲಿ ಮೂರನೇ ತರಗತಿಗೆ ಹೋದಳು.