ಗವರ್ನರ್ ಊರಲ್ಲಿಲ್ಲದ ವಾರ

"ಈ ಬೋಳಿಮಗನ್ನ ಬಿಟ್‌ಬಿಟ್ರೆ ನಂಗೆ ಹಂದಿ ಬೇಯ್ಸಿ ಹಾಕೋರ್ಯಾರ್ರಯ್ಯ?" ಎಂದ ಗವರ್ನರ್ ಹಾರ್ಲನ್ ಸ್ಟೂಕ್ಸ್. ಮೇಜಿನ ಸುತ್ತ ಕೂತಿದ್ದ ದೊಡ್ಡವರೆಲ್ಲ ನಕ್ಕರು. ತಟ್ಟೆ ಹಿಡಿದು ನಿಂತಿದ್ದ ಕರಿಯ ಕೈದಿ ಎಜೆಲ್ ಟಾರ್ವರ್ ಕೂಡ ನಕ್ಕ. ನಗದ ಕೈದಿಯನ್ನು ಮತ್ತೆ ಕಲ್ಲು ಒಡೆಯಲು ಕಳಿಸುತ್ತಿದ್ದರು.

ಐವತ್ತೆರಡು ವರ್ಷದ ಎಜೆಲ್‌ನನ್ನು ಆ ಬಂಗಲೆಯಲ್ಲಿ ಕರೆಯುತ್ತಿದ್ದುದು 'ಹುಡುಗ' ಎಂದು. ಹೆಂಡತಿಯ ಮೈಮೇಲೆ ಕೈಹಾಕಿದ ಹತ್ತಿಹೊಲದ ಬಿಳಿ ಧಣಿಯ ದವಡೆ ಮುರಿದಿದ್ದಕ್ಕೆ ಅವನಿಗೆ ಮೂವತ್ತು ವರ್ಷ ಬಿದ್ದಿತ್ತು. ಅವನ ಕೈರುಚಿಯ ಸುದ್ದಿ ಕೇಳಿದ ಸ್ಟೂಕ್ಸ್ ಜೈಲಿನಿಂದ ಅಡುಗೆಮನೆಗೆ ತರಿಸಿಕೊಂಡಿದ್ದ. ಇದೊಂದು ಚುನಾವಣೆ ಮುಗಿಯಲಿ, ಕ್ಷಮಾಪತ್ರಕ್ಕೆ ರುಜು ಹಾಕುತ್ತೇನೆ ಎನ್ನುತ್ತಲೇ ಎರಡು ಸಲ ಗೆದ್ದಿದ್ದ. ಈಗ ಅಮೆರಿಕದ ಉಪಾಧ್ಯಕ್ಷನಾಗುವ ಆಸೆ ಹೊತ್ತು ಶಿಕಾಗೋದ ಪಕ್ಷದ ಮಹಾಸಭೆಗೆ ಹೊರಟಿದ್ದ.

ಅಂದು ವಿಸ್ಕಿ ಏರಿದ ಮೇಲೆ ಅವನು ಪಕ್ಕದಲ್ಲಿದ್ದ ಉಪ ಗವರ್ನರ್ ಪ್ರೂಯಿಟ್‌ನ ಬೆನ್ನು ಗುದ್ದಿದ. ತಾನು ರಾಜ್ಯದ ಗಡಿ ದಾಟಿದ ಗಳಿಗೆಯಿಂದ ರುಜುವೆಲ್ಲ ಪ್ರೂಯಿಟ್‌ನದೇ, ಆದರೆ ಹೆಂಡತಿಯನ್ನು ಕೇಳದೆ ಇವನು ಚಡ್ಡಿಯನ್ನೂ ಹಾಕುವುದಿಲ್ಲ ಎಂದ. ಪ್ರೂಯಿಟ್‌ನ ಕಿವಿ ಕೆಂಪಾಯಿತು. ಎಜೆಲ್‌ನ ಕಿವಿ ನೆಟ್ಟಗಾಯಿತು.

ಸ್ಟೂಕ್ಸ್ ಹೋದ ಮೂರನೆಯ ದಿನ ಅವನ ಕುರ್ಚಿಯಲ್ಲಿ ಪ್ರೂಯಿಟ್ ಕೂತಿದ್ದ. ಎಜೆಲ್ ಬಿಸಿ ಹುರಿದ ಕೋಳಿ ತಂದಿಟ್ಟು, ತಲೆ ಕೆರೆದುಕೊಂಡ.

"ತಪ್ಪು ತಿಳೀಬ್ಯಾಡಿ ಧಣಿ. ಹೋಗೋವಾಗ ದೊಡ್ಡ ಧಣ್ಯೋರು ಅಂದ್ರು, ಪ್ರೂಯಿಟ್ ಕೈಗೆ ಪೆನ್ನು ಕೊಟ್ರೆ ಉಚ್ಚೆ ಹುಯ್ಕೋತಾನೆ, ನಿನ್ನಂಥ ಕರಿನಾಯಿನೂ ಬಿಡಿಸೋ ತಾಕತ್ತಿಲ್ಲ ಅವನ್ಗೆ ಅಂತ."

ಸ್ಟೂಕ್ಸ್ ಹಾಗೆ ಅಂದಿರಲಿಲ್ಲ.

"ಆ ಸೂಳೆಮಗ ಹಂಗಂದ್ನಾ?" ಪ್ರೂಯಿಟ್ ಕೋಳಿಕಾಲು ಕೆಳಗಿಟ್ಟ. "ಕರೀರೋ ಆ ಗುಮಾಸ್ತನ್ನ. ಮೊಹರು ತರೋಕೆ ಹೇಳಿ."

ಕ್ಷಮಾಪತ್ರದ ಮೇಲೆ ರುಜುವಿನ ಜೊತೆ ಜಿಡ್ಡಿನ ಹೆಬ್ಬೆರಳ ಗುರುತೂ ಬಿತ್ತು. ಜೈಲಿನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬಿಡುಗಡೆಗೆ ಇನ್ನೆರಡು ದಿನ ಸತಾಯಿಸಿದರು.

ಬಿಡುಗಡೆಯಾದ ಮರುದಿನ ಮಧ್ಯಾಹ್ನ ಎಜೆಲ್ ಉತ್ತರದ ರೈಲಿಗೆ ಟಿಕೆಟ್ ಹಿಡಿದು ನಿಲ್ದಾಣದಲ್ಲಿ ನಿಂತಿದ್ದಾಗ, ಎದುರಿನ ರೈಲಿನಿಂದ ಸ್ಟೂಕ್ಸ್ ಇಳಿದ. ಶಿಕಾಗೋದಲ್ಲಿ ಅವನ ಹೆಸರನ್ನು ಯಾರೂ ಎತ್ತಿರಲಿಲ್ಲ. ಹಿಂದೆ ನಾಲ್ಕು ಮಂದಿ ಪತ್ರಿಕೆಯವರು, ಕ್ಯಾಮೆರಾ.

"ಲೇ ಹುಡುಗಾ, ಬಂದ್ಯಾ? ತಗೊ" ಎಂದು ಸೂಟ್‌ಕೇಸ್ ಚಾಚಿದ.

ಎಜೆಲ್ ಅದನ್ನು ತೆಗೆದುಕೊಂಡ. ಕರಿಯರ ಬೋಗಿಯ ಮೆಟ್ಟಿಲವರೆಗೂ ಹೊತ್ತು ನಡೆದ. ಸ್ಟೂಕ್ಸ್ ಬೆನ್ನಟ್ಟಿ ಬಂದ. ರೈಲು ಮೆಲ್ಲಗೆ ಜರುಗಿದಾಗ ಎಜೆಲ್ ಒಳಹತ್ತಿ, ಸೂಟ್‌ಕೇಸನ್ನು ಬಾಗಿಲಿನಿಂದಲೇ ಅವನ ಎದೆಗೆ ದೂಡಿದ.

"ನನ್ನ ಹೆಸ್ರು ಎಜೆಲ್ ಟಾರ್ವರ್. ಮನೆವರ್ಗೂ ನೀನೇ ಹೊತ್ಕೊ, ಹಾರ್ಲನ್."

ಕ್ಯಾಮೆರಾ ಮಿಂಚಿತು. ಪೆಟ್ಟಿಗೆಯನ್ನು ತಬ್ಬಿಕೊಂಡ ಗವರ್ನರ್ ಶೆರೀಫನನ್ನು ಕರೆಯುತ್ತ ರೈಲಿನ ಜೊತೆ ಓಡುತ್ತಿದ್ದ.